ಹದಿಮೂರನೇ ಕೆಲಸಕ್ಕೆ ಜಡೆ ಹೆಣೆದವಳು

ಸೇಂಟ್ ಪಾಲ್ ಊರಿನಲ್ಲಿ ಎರಡು ವಾರಕ್ಕಿಂತ ಹೆಚ್ಚು ಬಾಳಿದ ಗುಟ್ಟು ಒಂದೇ ಒಂದು: ಮಿನ್ನೆಹಾಹಾ ರಸ್ತೆಯ ಹಳೆಯ ಗ್ಲೈಡರ್ ಕಾರ್ಖಾನೆಯೊಳಗೆ ಏನು ತಯಾರಾಗುತ್ತಿದೆ ಎಂಬುದು. ಅದು ಬಾಳಿದ್ದು ಕಾವಲಿನವರ ಬಂದೂಕಿಗೆ ಹೆದರಿ ಅಲ್ಲ. ತಯಾರಿಸುತ್ತಿದ್ದವರಿಗೂ ಅದು ಗೊತ್ತಿರಲಿಲ್ಲ. ತನ್ನ ಬಳಿ ಇಲ್ಲದ ಸರಕನ್ನು ಯಾರು ತಾನೇ ಬಾಯಿ ತಪ್ಪಿ ಮಾರಿಯಾರು?

ಥೀರಾ ಸುಂಡೆ ಆ ಕಟ್ಟಡಕ್ಕೆ ಮೊದಲು ಕಾಲಿಟ್ಟದ್ದು ಯುದ್ಧದ ಕಾಲದಲ್ಲಿ. ಆಗ ಅಲ್ಲಿ ಎಂಜಿನ್ ಇಲ್ಲದ ಮರದ ವಿಮಾನ ಮಾಡುತ್ತಿದ್ದರು; ರೆಕ್ಕೆಗೆ ಬಟ್ಟೆ ಹೊಲಿಯುವುದು ಅವಳ ಕೆಲಸ. ಯುದ್ಧ ಮುಗಿದ ಮೇಲೆ ಎಂಜಿನ್ ಇಲ್ಲದ ವಿಮಾನ ಕೊಳ್ಳುವಷ್ಟು ಹುಚ್ಚರು ಸಿಗದೆ ಕಾರ್ಖಾನೆ ಮುಚ್ಚಿತು. ಸ್ವಲ್ಪ ದಿನಕ್ಕೆ ಅಲ್ಲಿಗೆ ಇನ್ನೊಂದು ಕಂಪನಿ ಬಂದು ಕೂತಿತು. ಬಾಗಿಲಲ್ಲಿ ನೌಕಾಪಡೆಯ ಕಾವಲು, ಒಳಗೆ ಗಡ್ಡ ನೆಟ್ಟಗೆ ಬಾರದ ಎಂಜಿನಿಯರುಗಳು, ಮೇಲೆ ತೊಲೆಗಳಲ್ಲಿ ಹಳೆಯ ಬಾಡಿಗೆದಾರರಾದ ಗುಬ್ಬಚ್ಚಿಗಳು. ಸಮುದ್ರದಿಂದ ಸಾವಿರ ಮೈಲಿ ದೂರದ ಊರಿನಲ್ಲಿ ನೌಕಾಪಡೆಗೆ ಏನು ಕೆಲಸ ಎಂದು ಊರವರು ಕೇಳಿದರು. ಕಂಪನಿಯವರು ನಕ್ಕರು. ಗುಬ್ಬಚ್ಚಿಗಳನ್ನು ಬಿಟ್ಟು ಉಳಿದವರೆಲ್ಲ ಎದೆಯ ಮೇಲೆ ಫೋಟೋ ತೂಗಿಸಿಕೊಂಡು ಓಡಾಡಬೇಕಿತ್ತು.

ಥೀರಾಳನ್ನು ವಾಪಸು ಕರೆದದ್ದು ಅವಳ ಕೈಗಾಗಿ. ಹಲಗೆಯ ಮೇಲೆ ಮೊಳೆ ಹೊಡೆದು, ನಕ್ಷೆಯಲ್ಲಿ ತೋರಿಸಿದಂತೆ ನೂರಾರು ತಂತಿಗಳನ್ನು ಒಂದರ ಪಕ್ಕ ಒಂದು ಮಲಗಿಸಿ, ಮೇಣದ ದಾರದಿಂದ ಬೆರಳಗಲಕ್ಕೊಂದು ಗಂಟು ಹಾಕುತ್ತ ಕಟ್ಟಬೇಕು. ಎಂಜಿನಿಯರುಗಳು ಅದಕ್ಕೆ ಏನೋ ಉದ್ದನೆಯ ಹೆಸರು ಇಟ್ಟಿದ್ದರು. ಹೆಂಗಸರು ಜಡೆ ಎನ್ನುತ್ತಿದ್ದರು. ನಕ್ಷೆಯನ್ನು ತುಂಡು ತುಂಡಾಗಿ ಕೊಡುತ್ತಿದ್ದರು. ಹಾಳೆಯ ತಲೆಯಲ್ಲಿ ಹದಿಮೂರು ಎಂಬ ಅಂಕಿ ಬಿಟ್ಟರೆ ಬೇರೆ ಹೆಸರಿಲ್ಲ. ಇದು ಏನು ಎಂದರೆ ‘ಹದಿಮೂರನೇ ಕೆಲಸ’. ಯಾತಕ್ಕೆ ಎಂದರೆ ‘ಹದಿಮೂರನೇ ಕೆಲಸಕ್ಕೆ’. ಅದು ಬೇರೆ ದೇಶಗಳ ಗುಪ್ತ ಸಂದೇಶಗಳನ್ನು ಬಿಡಿಸುವ ಗಣಕ, ದೇಶದಲ್ಲೇ ಮೊದಮೊದಲಿನದು ಎಂದು ಊರಿಗೆ ತಿಳಿಯುವ ಹೊತ್ತಿಗೆ ಜಡೆ ಹೆಣೆದವರ ತಲೆಯೆಲ್ಲ ಬೆಳ್ಳಗಾಗಿತ್ತು.

ಥೀರಾಳಿಗೆ ಅಲ್ಲಿ ಒಂದು ಆಸ್ತಿ ಇತ್ತು. ಕಾರ್ಖಾನೆಗೆಲ್ಲ ಬಿಸಿ ಹಬೆ ಹೊರುವ ದಪ್ಪ ಕೊಳವೆ ಅವಳ ಬೆಂಚಿನ ಬೆನ್ನಿಗೇ ಹಾದುಹೋಗುತ್ತಿತ್ತು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿಯುವ ಜನವರಿಯಲ್ಲಿ, ಸಂದುಗಳಿಂದ ಹಿಮದ ಪುಡಿ ಒಳಗೇ ಉದುರುವ ಆ ಕಟ್ಟಡದಲ್ಲಿ, ಬೆಚ್ಚಗಿದ್ದ ಬೆಂಚು ಅದೊಂದೇ. ಗ್ಲೈಡರ್ ಕಾಲದಿಂದ ಹಿಡಿದ ಜಾಗ. ಕೆಲಸಕ್ಕಿಂತ ಆ ಜಾಗವನ್ನೇ ಜನ ಹೆಚ್ಚು ಗೌರವಿಸುತ್ತಿದ್ದರು. ಬಾಗಿಲ ಬಳಿಯ ಬೆಂಚಿನಲ್ಲಿ ಐರಿಶ್ ಹುಡುಗಿ ನೊರೀನ್ ಗೆರಟಿ ಬೆರಳ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಬೆಸುಗೆ ಹಾಕುತ್ತಿದ್ದಳು. ಕಾವಲಿನವನು ಬಾಗಿಲು ತೆರೆದಾಗಲೆಲ್ಲ ಅವನ ವಂಶವನ್ನೇ ಬೈಯುತ್ತಿದ್ದಳು.

ಮನೆಯಲ್ಲಿ ಗಂಡ ಹಾಲ್ವರ್. ಟ್ರಾಮ್ ಓಡಿಸುವವನು, ನಾರ್ವೆಯವರ ಮಗ. ಥೀರಾ ಸ್ವೀಡನ್ನಿನವರ ಮಗಳು. ಆ ಮದುವೆ ನಡೆದಾಗ ಎರಡು ಕಡೆಯವರೂ ತಮ್ಮ ಮಗುವನ್ನು ಅಗ್ಗಕ್ಕೆ ಕೊಟ್ಟೆವು ಎಂದೇ ನಂಬಿದ್ದರು.

“ಇವತ್ತು ಏನ್ ಮಾಡಿದೆ?” ಎಂದು ಹಾಲ್ವರ್ ದಿನಾ ಕೇಳುತ್ತಿದ್ದ.

“ಹದಿಮೂರು.”

“ನಿನ್ನೆನೂ ಹದಿಮೂರೇ ಅಂದೆ. ಎರಡು ವರ್ಷದಲ್ಲಿ ಹದಿನಾಲ್ಕಕ್ಕೆ ಹೋಗಲಿಲ್ಲ ಅಂದ್ರೆ ನಿಮ್ಮ ಎಂಜಿನಿಯರ್‌ಗಳು ಸ್ವೀಡನ್ನಿನವರೇ ಇರ್ಬೇಕು.”

ಚರ್ಚಿನ ನೆಲಮಾಳಿಗೆಯಲ್ಲಿ ಭಾನುವಾರದ ಕಾಫಿಯ ಹೊತ್ತಿಗೆ ಹೆಂಗಸರ ಸಂಘದ ಮುಖ್ಯಸ್ಥೆ ಎಡ್ಲಾ ಹತ್ತಿರ ಸರಿದು ಕೂರುತ್ತಿದ್ದಳು. “ಬಾಂಬೇನೇ ಥೀರಾ?”

“ಹೇಳೋ ಹಾಗಿಲ್ಲ ಎಡ್ಲಾ.”

“ಹಾಗಾದ್ರೆ ಬಾಂಬೇ.”

ಈ ಊರಿನ ಕಾಫಿಗೆ ಒಂದು ಶಾಸ್ತ್ರವುಂಟು. ಬೇಕೇ ಎಂದರೆ ಮೊದಲು ‘ಬೇಡ, ಸುಮ್ನೆ ತೊಂದರೆ’ ಎನ್ನಬೇಕು. ಎರಡನೆಯ ಸಲಕ್ಕೆ ‘ಈಗಷ್ಟೇ ಆಯ್ತು’. ಮೂರನೆಯ ಸಲ ಕೇಳಿದರೆ ‘ಹಾಗಾದ್ರೆ ಅರ್ಧ ಲೋಟ’ ಎಂದು ತುಂಬು ಲೋಟ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಎಂದವರು ಹಸಿದು ಬಂದವರು, ಇಲ್ಲವೇ ಹೊರಗಿನವರು. ಕಾಫಿಗಷ್ಟೇ ಅಲ್ಲ, ಎಲ್ಲದಕ್ಕೂ ಇದೇ ಕ್ರಮ. ಹಾಲ್ವರ್ ಮದುವೆಯಾಗುತ್ತೀಯಾ ಎಂದು ಕೇಳಿದ್ದು ಟ್ರಾಮ್ ನಿಲ್ದಾಣದಲ್ಲಿ. ಕೊನೆಯ ಗಾಡಿಗೆ ನಾಲ್ಕು ನಿಮಿಷವಿತ್ತು. ಅವನು ನಾಲ್ಕು ನಿಮಿಷದಲ್ಲಿ ಮೂರು ಸಲ ಕೇಳಿ ಮುಗಿಸಿದ. ಆ ಚುರುಕು ಅವನಲ್ಲಿ ಮತ್ತೆ ಯಾವತ್ತೂ ಕಾಣಲಿಲ್ಲ.

1950ರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ನಡುವಿನ ಮರದ ಗೋಡೆಯನ್ನು ಬಿಚ್ಚಿದರು. ಆವತ್ತು ಥೀರಾ ಹದಿಮೂರನೇ ಕೆಲಸವನ್ನು ಮೊದಲ ಸಲ ಇಡಿಯಾಗಿ ನೋಡಿದಳು. ಆಳೆತ್ತರದ ಕಪಾಟುಗಳ ಸಾಲು. ಅವುಗಳಲ್ಲಿ ರೇಡಿಯೋದಲ್ಲಿರುವಂಥ ವಾಲ್ವುಗಳು ಎರಡು ಸಾವಿರದ ಏಳುನೂರು. ಪಕ್ಕದಲ್ಲಿ ಅಂಕಿಗಳನ್ನು ನೆನಪಿಟ್ಟುಕೊಳ್ಳಲು ಗಿರಗಿರ ತಿರುಗುವ ಒಂದು ಡ್ರಮ್ಮು. ಕಪಾಟಿನಿಂದ ಕಪಾಟಿಗೆ ಇಳಿಬಿದ್ದದ್ದೆಲ್ಲ ಹೆಂಗಸರು ಹೆಣೆದ ಜಡೆಗಳು. ಎಡಗೈಯವಳಾದ್ದರಿಂದ ಅವಳ ಗಂಟು ಉಳಿದವರ ಗಂಟಿಗೆ ಎದುರು ಮುಖವಾಗಿ ತಿರುಗುತ್ತಿತ್ತು. ಡ್ರಮ್ಮಿನ ಕಡೆಯವೆಲ್ಲ ಅಂಥವೇ, ಅವಳವೇ. ಯಂತ್ರ ಸುಮ್ಮನೆ ನಿಂತಿತ್ತು. ಇದನ್ನು ಚಾಲೂ ಮಾಡಿದರೆ ಏನಾಗುತ್ತದೆ, ನೋಡಬೇಕು ಎಂಬ ಆಸೆ ಥೀರಾಳಿಗೆ ಅಲ್ಲೇ ಹುಟ್ಟಿತು. ಐವತ್ತೆರಡು ವರ್ಷದಲ್ಲಿ ಅವಳು ಇಷ್ಟು ಗಟ್ಟಿಯಾಗಿ ಬೇರೆ ಏನನ್ನೂ ಬಯಸಿರಲಿಲ್ಲ. ಹಾಲ್ವರನನ್ನೂ ಸೇರಿಸಿ.

ಆದರೆ ಪರೀಕ್ಷೆಗಳೆಲ್ಲ ಪರದೆಯ ಹಿಂದೆ ನಡೆದವು. ಆಮೇಲೆ ಎಲ್ಲವನ್ನೂ ಬಿಚ್ಚಿ ವಾಷಿಂಗ್ಟನ್ನಿಗೆ ಸಾಗಿಸಿ ಅಲ್ಲಿ ಮತ್ತೆ ಜೋಡಿಸುವುದೆಂದಾಯಿತು. ಜಡೆಗಳನ್ನು ಕೂಡಿಸಲು ಒಬ್ಬ ಹೆಂಗಸು ಜೊತೆಗೆ ಹೋಗಬೇಕು. ಒಬ್ಬಳಿಗಷ್ಟೇ ಪಾಸು.

ಸೋಮವಾರ ನೌಕಾಪಡೆಯ ಕಮಾಂಡರ್ ಕ್ರೆಂಶಾ ಅವಳ ಬೆಂಚಿನ ಬಳಿ ಬಂದ. ಬ್ರೂಕ್ಲಿನ್ನಿನ ಮನುಷ್ಯ, ನಡೆಯುವಾಗಲೂ ಟ್ರಾಮ್ ತಪ್ಪಿದವನಂತೆ ನಡೆಯುತ್ತಿದ್ದ.

“ಮಿಸೆಸ್ ಸುಂಡೆ, ಮೂರು ವಾರ ವಾಷಿಂಗ್ಟನ್ನಿಗೆ ಬರ್ತೀರಾ?”

ಥೀರಾಳ ಎದೆ ಡ್ರಮ್ಮಿಗಿಂತ ಜೋರಾಗಿ ತಿರುಗಿತು. ಬಾಯಿ ಮಾತ್ರ ಹುಟ್ಟಿದೂರಿನ ಬಾಯಿ. “ಅಯ್ಯೋ ನಾನ್ಯಾಕೆ ಸರ್. ನನಗಿಂತ ಚೆನ್ನಾಗಿ ಮಾಡೋರು ಇದಾರೆ. ನೊರೀನ್ ಇದಾಳಲ್ಲ.”

“ಸರಿ,” ಎಂದ ಕ್ರೆಂಶಾ. ಕಾಗದದಲ್ಲಿ ಏನೋ ಗೀಚಿಕೊಂಡು ಹೊರಟೇಹೋದ.

ಥೀರಾ ಎರಡನೆಯ ಸಲಕ್ಕಾಗಿ ಕಾದಳು. ಮಧ್ಯಾಹ್ನದ ಊಟವನ್ನೂ ಬೆಂಚಿನಲ್ಲೇ ಮಾಡಿದಳು, ಅವನು ಬಂದಾಗ ತಾನು ಇಲ್ಲದಿದ್ದರೆ ಎಂದು.

ಸಂಜೆ ಹಾಲ್ವರ್ ವಿಷಯ ಕೇಳಿ ಚಮಚ ಕೆಳಗಿಟ್ಟ. “ಎಷ್ಟು ಸಲ ಕೇಳ್ದ?”

“ಒಂದು.”

“ಹಾಗಾದ್ರೆ ಇನ್ನೂ ಕೇಳಿಲ್ಲ ಅಂತ ಅರ್ಥ. ಬರ್ತಾನೆ ಬಿಡು.”

ಮಂಗಳವಾರ ಕ್ರೆಂಶಾ ಬರಲಿಲ್ಲ. ಬುಧವಾರ ನೊರೀನ್ ಹೊಸ ಟೋಪಿ ಹಾಕಿಕೊಂಡು ಬಂದಳು. ಹಸಿರು ಬಣ್ಣದ್ದು, ಪಕ್ಕದಲ್ಲಿ ಕಾಡುಕೋಳಿಯ ಉದ್ದನೆಯ ಗರಿ.

“ಚೆನ್ನಾಗಿದೆ ನೊರೀನ್. ಯಾರ ಮದುವೆ?”

“ಮದುವೆ ಅಲ್ಲ, ವಾಷಿಂಗ್ಟನ್. ಕಮಾಂಡರ್ ಕೇಳಿದ್ರು, ಅವರ ಮಾತು ಮುಗಿಯೋ ಮುಂಚೆ ಹೂಂ ಅಂದೆ. ನಿಮಗೆ ಬೇಡ್ವಂತಲ್ಲ?”

“ಒಳ್ಳೇದಾಯ್ತು,” ಎಂದಳು ಥೀರಾ. ಹಾಗೆನ್ನುವಾಗ ಒಂದು ಗಂಟನ್ನು ಬಲಮುಖವಾಗಿ ಹಾಕಿದ್ದು ಅವಳಿಗೆ ಗೊತ್ತಾದದ್ದು ಹತ್ತು ಗಂಟು ಮುಂದೆ ಹೋದ ಮೇಲೆ. ಅಷ್ಟನ್ನೂ ಬಿಚ್ಚಿ ಕಟ್ಟಿದಳು.

ರಾತ್ರಿ ಊಟಕ್ಕೆ ಹಾಲ್ವರ್ ಖಡಾಖಂಡಿತವಾಗಿ ಹೇಳಿದ: “ನಾಳೆ ಹೋಗಿ ನನಗೆ ಬೇಕು ಅಂತ ಹೇಳು.”

“ಹೇಗೆ ಹೇಳೋದು? ನಾನೇ ಬಾಯಿ ಬಿಟ್ಟು?”

“ಬಾಯಲ್ಲೇ ಹೇಳ್ಬೇಕು. ಕಾಲಲ್ಲಿ ಹೇಳೋಕೆ ಬರಲ್ಲ.”

“ನಿಮ್ಮೋರ ಹಾಗೆ ನಾಚಿಕೆ ಬಿಡೋಕೆ ನನಗೆ ಆಗಲ್ಲ.”

“ನಮ್ಮೋರು ನಾಚಿಕೆ ಬಿಟ್ಟಿದ್ದಕ್ಕೇ ನಿನಗೆ ಮದುವೆ ಆಗಿದ್ದು,” ಎಂದು ಹಾಲ್ವರ್ ಮೂರನೆಯ ಆಲೂಗಡ್ಡೆಗೆ ಕೈ ಹಾಕಿದ.

ಬಾಯಿ ಬಿಡಲಾರದವಳು ಗುರುವಾರ ಸುತ್ತುದಾರಿ ಹಿಡಿದಳು. ಹತ್ತು ಗಂಟೆಯ ಬಿಡುವಿನಲ್ಲಿ ಒಂದು ಲೋಟ ಕಾಫಿ, ತಟ್ಟೆಯಲ್ಲಿ ಮನೆಯ ಏಲಕ್ಕಿ ಬನ್ನು ಹಿಡಿದು ಕ್ರೆಂಶಾನ ಗಾಜಿನ ಕೋಣೆಗೆ ಹೋದಳು. ಮಾತಿಗೆ ಮಾತು ಬೆಳೆದರೆ ವಾಷಿಂಗ್ಟನ್ ತಾನಾಗಿ ಬರುತ್ತದೆ ಎಂಬ ಲೆಕ್ಕ.

“ಕಾಫಿ ಸರ್.”

“ಬೇಡ, ಥ್ಯಾಂಕ್ಸ್,” ಎಂದ ಕ್ರೆಂಶಾ ತಲೆ ಎತ್ತದೆ.

“ವಾಷಿಂಗ್ಟನ್ನಿನಲ್ಲೂ ಇಷ್ಟೇ ಚಳಿ ಇರುತ್ತೇನೋ.”

“ಇಲ್ಲ. ಮಳೆ.”

ಮಾತಿನ ಆ ಬಾಗಿಲು ಮುಚ್ಚಿತು. ಥೀರಾ ಹೊರಗೆ ಹೋಗಿ, ಕಾಫಿಯನ್ನು ಬಿಸಿ ಮಾಡಿ, ಐದು ನಿಮಿಷದಲ್ಲಿ ಮತ್ತೆ ಬಂದಳು. “ಒಂದರ್ಧ ಲೋಟನಾದ್ರೂ?”

“ಬೇಡ ಮಿಸೆಸ್ ಸುಂಡೆ.”

ಇನ್ನೈದು ನಿಮಿಷಕ್ಕೆ ಮೂರನೆಯ ಸಲ. ಈ ಸಲ ಲೋಟವನ್ನು ಅವನ ಕಾಗದಗಳ ಮೇಲೇ ಇಟ್ಟಳು. “ಆರಿಹೋಗುತ್ತೆ ಸರ್, ಸಂಕೋಚ ಮಾಡ್ಕೋಬೇಡಿ.”

ಕ್ರೆಂಶಾ ಪೆನ್ನು ಕೆಳಗಿಟ್ಟ. “ಮಿಸೆಸ್ ಸುಂಡೆ, ನನಗೆ ಹೊಟ್ಟೆಹುಣ್ಣು. ಕಾಫಿ ಮುಟ್ಟಿದ್ರೆ ಸಾಯ್ತೀಯಾ ಅಂತ ಡಾಕ್ಟರ್ ಹೇಳಿದಾರೆ. ನಾನು ಬೇಡ ಅಂದ್ರೆ ಬೇಡ ಅಂತಾನೇ ಅರ್ಥ.”

“ಮೊದಲನೇ ಸಲಾನೇ?”

“ಮೊದಲನೇ ಸಲಾನೇ. ಮತ್ತೆ ಯಾವಾಗ ಹೇಳ್ಬೇಕಿತ್ತು?”

“ನಮ್ಮಲ್ಲಿ ಹಾಗಲ್ಲ ಸರ್. ಮೊದಲನೇ ಬೇಡ ಮರ್ಯಾದೆಗೆ. ಎರಡನೇದು, ಕೇಳಿದೋರು ಮನಸಿಟ್ಟು ಕೇಳಿದ್ರಾ ಅಂತ ನೋಡೋಕೆ. ನಿಜ ಹೇಳೋದು ಮೂರನೇ ಸಲ.”

ಕ್ರೆಂಶಾ ಅವಳನ್ನೇ ನೋಡಿದ. ಮೇಜಿನ ಮೇಲಿದ್ದ ಫೈಲನ್ನು ಮೆಲ್ಲಗೆ ತೆರೆದ. “ಸೋಮವಾರ ನಾನು ವಾಷಿಂಗ್ಟನ್ನಿಗೆ ಬರ್ತೀರಾ ಅಂದೆ. ನೀವು ಬೇಡ ಅಂದ್ರಿ. ಅದು ಎಷ್ಟನೇದು?”

“ನೀವು ಒಂದೇ ಸಲ ಕೇಳಿದ್ದು ಸರ್.”

ಕ್ರೆಂಶಾ ಯುದ್ಧದುದ್ದಕ್ಕೂ ಶತ್ರುಗಳ ಗುಪ್ತಲಿಪಿ ಬಿಡಿಸಿದವನು. ಒಂದು ಸಾಮ್ರಾಜ್ಯದ ಇಡೀ ನೌಕಾಪಡೆ ಅವನ ಕಿವಿಗೆ ಬೀಳದ ಹಾಗೆ ಪಿಸುಗುಟ್ಟಲು ಆಗಿರಲಿಲ್ಲ. ಸೇಂಟ್ ಪಾಲಿನ ಟ್ರಾಮ್ ಡ್ರೈವರನ ಹೆಂಡತಿಯ ಒಂದು ‘ಬೇಡ’ವನ್ನು ಬಿಡಿಸಲು ಅವನಿಗೆ ನಾಲ್ಕು ದಿನ ಮತ್ತು ಮೂರು ಸಲ ತಂದ ಒಂದು ಲೋಟ ಕಾಫಿ ಬೇಕಾಯಿತು.

“ಡ್ರಮ್ಮಿನ ಕಡೆ ಜಡೆಯೆಲ್ಲ ನಿಮ್ಮದು. ನೀವೇ ಬರ್ಬೇಕು ಅಂತ ನಾನು ಮೊದಲು ಬಂದಿದ್ದು ನಿಮ್ಮ ಹತ್ರ,” ಎಂದ. “ಈಗ ಕಾಗದದಲ್ಲಿ ಮಿಸ್ ಗೆರಟಿ ಹೆಸರಿದೆ. ನಾಳೆ ಮಧ್ಯಾಹ್ನ ಟಪಾಲು ಹೋಗುತ್ತೆ. ಅವಳಾಗಿ ಬಿಟ್ಟುಕೊಟ್ಟು ಸಹಿ ಹಾಕಿದ್ರೆ ಬದಲಾಯಿಸ್ತೀನಿ. ನಾನಂತೂ ಅವಳನ್ನ ಕೇಳಲ್ಲ. ಕೊಟ್ಟದ್ದನ್ನ ಕಿತ್ಕೊಳ್ಳೋದು ನನ್ನ ಕೆಲಸ ಅಲ್ಲ. ನೀವೇ ಕೇಳಿ.”

ಸುತ್ತುದಾರಿ ಹಿಡಿದು ಹೋದವಳು ಹೀಗೆ ನೆಟ್ಟಗೆ ನೊರೀನಳ ಬೆಂಚಿನ ಮುಂದೆ ಬಂದು ನಿಂತಳು. ನೊರೀನ್ ಬೆಸುಗೆ ಕಡ್ಡಿಯನ್ನು ಬಾಯಿಂದ ಊದಿ ಒರೆಸುತ್ತಿದ್ದಳು.

“ನೊರೀನ್, ನಿನ್ನ ಹತ್ರ ಒಂದು ವಿಷಯ. ನಿನಗೇನೂ ತೊಂದರೆ ಇಲ್ಲ ಅಂದ್ರೆ. ಇದ್ರೆ ಬೇಡ.”

“ಇನ್ನೂ ವಿಷಯ ಬಂದಿಲ್ಲ ಥೀರಾ.”

“ವಾಷಿಂಗ್ಟನ್ನಿಗೆ… ನನಗೆ ಹೋಗ್ಬೇಕು ಅಂತಿತ್ತು. ಅದು ಓಡೋದು ನೋಡ್ಬೇಕು.”

ನೊರೀನ್ ಕಡ್ಡಿ ಕೆಳಗಿಟ್ಟಳು. ಅವಳ ಮುಖದಲ್ಲಿ ಮೊದಲು ಸಿಟ್ಟು ಬಂತು. ಅದರ ಹಿಂದೆಯೇ, ಮೀನು ಗಾಳ ಕಚ್ಚಿದ್ದನ್ನು ಕಂಡವನ ಸಂತೋಷ ಬಂತು. “ಬೇಡ,” ಎಂದಳು.

ಥೀರಾ ತಲೆಯಾಡಿಸಿ ತಿರುಗಿದಳು.

“ಎಲ್ಲಿಗೆ? ಎರಡು ವರ್ಷ ನಿಮ್ಮ ಚರ್ಚಿನೋರ ಜೊತೆ ಕಾಫಿ ಕುಡಿದು ನಾನೂ ಶಾಸ್ತ್ರ ಕಲಿತಿದೀನಿ. ಇದು ಮೊದಲನೇದು.”

ಥೀರಾ ಮತ್ತೆ ಕೇಳಿದಳು. ಈ ಸಲ ‘ತೊಂದರೆ ಇಲ್ಲ ಅಂದ್ರೆ’ ಬಿಟ್ಟುಹೋಯಿತು.

“ಈಗಷ್ಟೇ ಆಯ್ತು,” ಎಂದಳು ನೊರೀನ್. ಆಚೀಚೆ ಬೆಂಚಿನವರು ಕೈ ಕೆಲಸ ನಿಲ್ಲಿಸಿದ್ದರು. ಕಾವಲಿನವನು ಬಾಗಿಲು ತೆರೆದವನು ಮುಚ್ಚುವುದನ್ನು ಮರೆತು ನಿಂತಿದ್ದ.

ಥೀರಾಳ ಕಿವಿ ಕೆಂಪಾಯಿತು. “ನನಗೆ ಹೋಗ್ಬೇಕು ನೊರೀನ್,” ಎಂದಳು. ಅವಳಿಗೇ ಕೇಳಿ ಗೊತ್ತಿಲ್ಲದಷ್ಟು ಜೋರಾಗಿ. “ಜಡೆಗಳು ನನ್ನವು. ಬಿಟ್ಟುಕೊಡು.”

“ಅಬ್ಬಾ, ಮೂರು ವಾಕ್ಯ, ಒಂದರಲ್ಲೂ ಕ್ಷಮೆ ಇಲ್ಲ,” ಎಂದಳು ನೊರೀನ್. “ಆಯ್ತು. ಆದ್ರೆ ಪುಕ್ಕಟೆ ಅಲ್ಲ. ಕೊಳವೆ ಹತ್ರದ ಬೆಂಚು ನನಗೆ.”

“ಮೂರು ವಾರ ತಾನೇ, ಕೂತ್ಕೋ.”

“ಮೂರು ವಾರಕ್ಕೆ ಯಾರು ಕೇಳಿದ್ರು? ಯಾವತ್ತಿಗೂ.” ಕೈಗವಸು ತೆಗೆದು ಬೆರಳುಗಳನ್ನು ಅವಳ ಮುಂದೆ ಹಿಡಿದಳು. ತುದಿಗಳೆಲ್ಲ ಚಳಿಗೆ ಒಡೆದು, ಒಂದೆರಡರಲ್ಲಿ ನೇರಳೆ ಬಣ್ಣದ ಊತ. “ಹೋದ ಚಳಿಗಾಲದಲ್ಲಿ ಬೆಸುಗೆ ಕಡ್ಡಿ ತಗುಲಿ ಸುಟ್ಟರೂ ನನಗೆ ಗೊತ್ತಾಗಲಿಲ್ಲ. ವಾಸನೆ ಬಂದ ಮೇಲೆ ಗೊತ್ತಾಯ್ತು. ವಾಷಿಂಗ್ಟನ್ನಿಗೆ ಹೂಂ ಅಂದಿದ್ದು ಯಂತ್ರ ನೋಡೋಕಲ್ಲ. ಅಲ್ಲಿ ಮೂರು ವಾರ ಬೆಚ್ಚಗಿರಬಹುದು ಅಂತ.”

ಥೀರಾ ತನ್ನ ಬೆಂಚಿನ ಕಡೆ ನೋಡಿದಳು. ಹಬೆ ಕೊಳವೆಯ ಮೇಲೆ ಅವಳ ಒದ್ದೆ ಕಾಲುಚೀಲ ಒಣಗುತ್ತಿತ್ತು. ಏಳು ಚಳಿಗಾಲದ ಆಸ್ತಿ. ಇದನ್ನು ಕೊಟ್ಟು ಅವಳು ಕೊಳ್ಳುತ್ತಿದ್ದದ್ದು, ತೋರಿಸುತ್ತೇವೆಂದು ಯಾರೂ ಮಾತು ಕೊಡದಿದ್ದ ಒಂದು ನೋಟ. ಇಂಥ ವ್ಯಾಪಾರವನ್ನು ಬುದ್ಧಿಯಿದ್ದ ಯಾರೂ ಮಾಡುವುದಿಲ್ಲ. ಥೀರಾ ಹೋಗಿ ಕಾಲುಚೀಲ ತೆಗೆದುಕೊಂಡು ಬಂದಳು.

“ಟೋಪಿನೂ ತಗೊಂಡು ಹೋಗಿ,” ಎಂದಳು ನೊರೀನ್ ಸಹಿ ಹಾಕುತ್ತ. “ಅದಾದ್ರೂ ವಾಷಿಂಗ್ಟನ್ ನೋಡಲಿ.”

ಹೀಗೆ ಆಡಂಬರ ಒಗ್ಗದ ಲುಥೆರನ್ ಚರ್ಚಿನ ಐವತ್ತೆರಡರ ಹೆಂಗಸು ಕಾಡುಕೋಳಿಯ ಗರಿ ನೆಟ್ಟುಕೊಂಡು ರೈಲು ಹತ್ತಿದಳು. ನಿಲ್ದಾಣದಲ್ಲಿ ಹಾಲ್ವರ್ ಅವಳನ್ನು ಗುರುತಿಸಲು ತಡ ಮಾಡಿದ. ಬೇಕೆಂದೇ ಇರಬಹುದು.

ವಾಷಿಂಗ್ಟನ್ನಿನಲ್ಲಿ ಅವಳು ಕಂಡದ್ದು ಹೆಚ್ಚೇನಿಲ್ಲ. ಹಿಂದೆ ಹುಡುಗಿಯರ ಶಾಲೆಯಾಗಿದ್ದ ಕಟ್ಟಡ, ಸುತ್ತ ಮುಳ್ಳುತಂತಿ, ಕಾವಲು. ಶೌಚಾಲಯಕ್ಕೆ ಹೋದರೂ ಜೊತೆಗೆ ಒಬ್ಬ ನಾವಿಕ ಬಾಗಿಲವರೆಗೆ ಬರುತ್ತಿದ್ದ. ಎರಡು ವಾರ ಅವಳು ಕಪಾಟುಗಳ ಹಿಂದೆ ಮಂಡಿಯೂರಿ, ಎಡಗೈಯಿಂದ ಬಿಚ್ಚಿದ್ದನ್ನು ಎಡಗೈಯಿಂದಲೇ ಕಟ್ಟಿದಳು. ಎಂಜಿನಿಯರುಗಳು ತಂತಿ ಹುಡುಕುತ್ತ ಬೈದಾಡಿಕೊಂಡಾಗ ನಕ್ಷೆ ನೋಡದೆ ಬೆರಳಿಟ್ಟು ತೋರಿಸಿದಳು. ಅವರು ಧನ್ಯವಾದ ಹೇಳಿದರೆ ‘ಅದೇನು ಮಹಾ’ ಎಂದಳು. ಒಬ್ಬರೂ ‘ಇಲ್ಲ, ಮಹಾನೇ’ ಎನ್ನಲಿಲ್ಲ. ಪೂರ್ವದ ಜನಕ್ಕೆ ಮಾತು ಮುಂದುವರಿಸುವ ಅಭ್ಯಾಸವೇ ಇಲ್ಲ ಎಂದುಕೊಂಡಳು.

ಹದಿನೈದನೆಯ ದಿನ, ಮಧ್ಯಾಹ್ನ ಮೂರಕ್ಕೆ, ಕೊನೆಯ ಜಡೆ ಕೂಡಿತು. ಥೀರಾ ಎದ್ದು ಮಂಡಿಯ ಧೂಳು ಕೊಡವಿಕೊಂಡಳು. ಕಾವಲಿನ ನಾವಿಕ ಬಾಗಿಲು ತೆರೆದು ನಿಂತ. ಕ್ರೆಂಶಾ ಹತ್ತಿರ ಬಂದ.

“ನಿಮ್ಮನ್ನ ಈಗ ಹೊರಗೆ ಕಳಿಸ್ಬೇಕು, ಅದು ನಿಯಮ. ಆದ್ರೆ ಮೊದಲು ಓಡಿಸೋದು ಬರೀ ಪರೀಕ್ಷೆಯ ಗುಣಾಕಾರ, ಅದರಲ್ಲಿ ಗುಟ್ಟೇನಿಲ್ಲ. ಅಷ್ಟು ಹೊತ್ತು ಇರ್…”

“ಇರ್ತೀನಿ.”

ಇನ್ನೆರಡು ಸಲ ಕೇಳಲು ಸಿದ್ಧನಾಗಿ ಉಸಿರು ಎಳೆದುಕೊಂಡಿದ್ದ ಕ್ರೆಂಶಾ ಆ ಉಸಿರನ್ನು ಏನು ಮಾಡುವುದೆಂದು ತಿಳಿಯದೆ ಕೆಮ್ಮಿದ.

ಗುಂಡಿ ಒತ್ತಿದರು. ಡ್ರಮ್ಮು ಮೊದಲು ಗೊಣಗಿ, ಆಮೇಲೆ ಸಣ್ಣಗೆ ಕೂಗುತ್ತ, ಕೊನೆಗೆ ಇಡೀ ಕೋಣೆಯ ಗೋಡೆಯೊಳಗೆ ಜೇನು ಎದ್ದಂತೆ ಮೊರೆಯಿತು. ಎರಡು ಸಾವಿರದ ಏಳುನೂರು ವಾಲ್ವುಗಳು ಒಲೆಯ ಕೆಂಡದ ಬಣ್ಣಕ್ಕೆ ಬಂದವು. ಥೀರಾ ಸ್ವೆಟರ್ ಬಿಚ್ಚಿದಳು. ಸಣ್ಣ ದೀಪಗಳ ಸಾಲು ಒಂದು ಕಪಾಟಿನಿಂದ ಇನ್ನೊಂದಕ್ಕೆ ಓಡಿತು, ವಾಪಸು ಬಂತು. ಎಂಜಿನಿಯರುಗಳೆಲ್ಲ ಅಂಕಿ ಹೊತ್ತು ಬರುವ ಕಾಗದದ ಪಟ್ಟಿಯ ಕಡೆ ಬಗ್ಗಿದ್ದರು. ಅವಳು ಮಾತ್ರ ಹಿಂಬದಿಗೆ ಹೋಗಿ ಜಡೆಗಳನ್ನು ನೋಡಿದಳು. ಏನೂ ಅಲುಗುತ್ತಿರಲಿಲ್ಲ. ದೀಪಗಳು ಓಡುತ್ತಿದ್ದ ದಾರಿಯೆಲ್ಲ ಅವಳು ಮಲಗಿಸಿದ ತಂತಿಯೊಳಗಿತ್ತು. ಕಣ್ಣಿಗೆ ಕಾಣುವಂಥದ್ದು ಒಂದೂ ಇರಲಿಲ್ಲ. ಆದರೂ ಅವಳು ಒಂದು ಜಡೆಯಿಂದ ಇನ್ನೊಂದಕ್ಕೆ, ಟ್ರಾಮಿನ ಕಿಟಕಿಯಿಂದ ಬೀದಿ ನೋಡುವವಳಂತೆ, ಕಣ್ಣು ಹಾಯಿಸುತ್ತ ನಿಂತಳು.

“ಸರಿ ಬಂತು,” ಎಂದು ಯಾರೋ ಅಂದರು. ಹನ್ನೊಂದು ನಿಮಿಷವಾಗಿತ್ತು. ನಾವಿಕ ಅವಳ ಸ್ವೆಟರ್ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ.

ಆವತ್ತೇ ಅವಳು ಗಂಡನಿಗೆ ಒಂದು ಕಾರ್ಡು ಬರೆದಳು. ಅದು ನೌಕಾಪಡೆಯ ಕೈ ದಾಟಿ ಸೇಂಟ್ ಪಾಲ್ ಮುಟ್ಟುವಾಗ ನಡುವಿನ ಒಂದೂವರೆ ಸಾಲಿನ ಮೇಲೆ ದಪ್ಪ ಕಪ್ಪು ಮಸಿ ಎಳೆದಿತ್ತು. ಹಾಲ್ವರ್ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಎರಡು ದಿನ ಗಾಡಿ ಓಡಿಸಿದ. ಮೂರನೆಯ ದಿನ ಸ್ನೆಲಿಂಗ್ ರಸ್ತೆಯಲ್ಲಿ ಎಡ್ಲಾ ಹತ್ತಿದಳು.

“ಥೀರಾ ಏನಂತ ಬರೆದಿದಾಳೆ?”

ಹಾಲ್ವರ್ ಕಾರ್ಡು ಕೊಟ್ಟ. ಎಡ್ಲಾ ಎರಡೂ ಬದಿ ಓದಿದಳು. ಮಸಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಉಗುರಿನಿಂದ ಒಂದಿಷ್ಟು ಕೆರೆದೂ ನೋಡಿದಳು.

“ಇದರಲ್ಲಿ ಏನೂ ಇಲ್ವಲ್ಲ ಹಾಲ್ವರ್. ‘ನೋಡಿದೆ’ ಅಂತಿದೆ. ಆಮೇಲೆ ಮಸಿ. ಆಮೇಲೆ ‘ಹಬ್ಬದ ಒಣಮೀನು ನೆನೆಹಾಕು’ ಅಂತಿದೆ.”

“ಎಲ್ಲಾ ಇದೆಯಲ್ಲ,” ಎಂದ ಹಾಲ್ವರ್. ಕಾರ್ಡನ್ನು ವಾಪಸು ಇಸಿದುಕೊಂಡು, ಜೇಬಿಗಿಟ್ಟು, ಗಂಟೆ ಬಾರಿಸಿ ಗಾಡಿ ಬಿಟ್ಟ.